ಕಮಲಾಪುರ ಶಾಲೆಯ ಇಬ್ಬರು ಮಾನಿಟರರು ಮತ್ತು ಒಂಬತ್ತು ಹೆಸರುಗಳು

೧. ಬರೆಯುವವನು: ಅಣವೀರಪ್ಪ, ವಯಸ್ಸು ಅರವತ್ತೆಂಟು. ಮೂವತ್ತನಾಲ್ಕು ವರ್ಷ ಕಲಬುರಗಿಯ ಕಚೇರಿ ಕಟ್ಟೆಯ ಮೇಲೆ ಕುಳಿತು ಅರ್ಜಿಗಳ ನಕಲು ತೆಗೆದವನು. ಈಗ ಕಮಲಾಪುರದಲ್ಲಿ ವಾಸ.

೨. ಬರೆಯುತ್ತಿರುವುದು: ನಮ್ಮ ಭಾಗದ ಶಾಲೆಗಳ ತಪಾಸಣೆ ಮಾಡುವ ಮೊಹತಮಿಮ್ ಸಾಹೇಬರಿಗೆ.

೩. ವಿಷಯ: ಫಸಲಿ ೧೩೨೮ನೆಯ ಸಾಲಿನ ಇಬ್ಬರು ಮಾನಿಟರರ ಮೇಲೆ ಹೊರಿಸಿದ ಅಪರಾಧ.

೪. ಹಿಂದಿನ ಅರ್ಜಿಗಳು: ಮೂರು. ಬಂದ ನ್ಯಾಯ: ಇಲ್ಲ.

೫. ಸ್ಟಾಂಪು: ಹಚ್ಚಿಲ್ಲ. ಹಚ್ಚಿದ ಮೂರೂ ಕಾಗದಗಳ ಗತಿಯನ್ನು ಕೆಳಗೆ ಹೇಳಿದೆ.

ಮಾನ್ಯರೇ,

ಹನ್ನೊಂದು ವರ್ಷದ ಕಾಶಿರಾಯ, ಅವನ ಓರಗೆಯ ಮಕ್ಸೂದ್, ಈ ಇಬ್ಬರು ಹುಡುಗರ ದಾಖಲೆಯ ಮೇಲೆ ತಾವು ಕೆಂಪು ಮಸಿಯಲ್ಲಿ ಬರೆಸಿದ ‘ಜಾಲಸಾಜಿ’ ಎಂಬ ಶಬ್ದ ಸುಳ್ಳು. ಅವರು ಖೋಟಾ ಬರವಣಿಗೆ ಮಾಡಿದವರಲ್ಲ. ಆ ಒಂದು ಶಬ್ದದಿಂದ ಸರ್ಕಾರದ ಯಾವ ಶಾಲೆಯೂ ಅವರನ್ನು ಒಳಗೆ ಬಿಟ್ಟುಕೊಳ್ಳುವಂತಿಲ್ಲ. ಕಾಶಿರಾಯನ ತಾಯಿ ಮಹಾದೇವಮ್ಮ ಕಳೆದ ತಿಂಗಳು ಬಾಳೆಗೊನೆ ಹೇರಿದ ಗಾಡಿಯಲ್ಲಿ ಮಗನನ್ನು ಕೂರಿಸಿಕೊಂಡು ಕಲಬುರಗಿಯ ಮಾಧ್ಯಮಿಕ ಶಾಲೆಗೆ ಹೋದಳು. ಅಲ್ಲಿಯ ಗುಮಾಸ್ತ ಕಾಗದವನ್ನು ಮಗುಚಿ ನೋಡಿದ, ಕೆಂಪು ಮಸಿಯನ್ನು ಕಂಡ, ಹಿಂದಕ್ಕೆ ಕೊಟ್ಟ. ಮಕ್ಸೂದನ ತಂದೆ ಅಷ್ಟು ದೂರವೂ ಹೋಗಲಿಲ್ಲ. ಹುಡುಗನನ್ನು ಕಲಬುರಗಿಯ ಬಟ್ಟೆ ಗಿರಣಿಗೆ ಹಚ್ಚಿಬಿಟ್ಟ. ಮೊನ್ನೆ ಅವನನ್ನು ನೋಡಿದೆ. ಹುಬ್ಬಿನ ತುಂಬ ಹತ್ತಿಯ ಧೂಳು ಕುಳಿತು ಸಣ್ಣ ಮುದುಕನಂತೆ ಕಾಣುತ್ತಿದ್ದ.

ಈ ಕಾಗದ ತಮ್ಮ ಮೇಜಿಗೆ ಬರದೆ, ನಮ್ಮ ಸಂಸ್ಥಾನದ ಸೀಮೆಯಾಚೆ ಅಚ್ಚಾಗುವ ಕನ್ನಡ ವಾರಪತ್ರಿಕೆಗೆ ಹೋದದ್ದೇಕೆ ಎಂದು ತಾವು ಕೇಳಬಹುದು. ತಮ್ಮ ಕಚೇರಿಯ ಬಾಗಿಲು ನನಗೆ ಗೊತ್ತಿಲ್ಲವೇ? ಮೊದಲನೆಯ ಅರ್ಜಿ, ನಾನು ಹುಡುಗರ ಪಾಲಕನಲ್ಲವೆಂಬ ಕಾರಣಕ್ಕೆ ಮರಳಿತು. ಎರಡನೆಯದಕ್ಕೆ ಮಹಾದೇವಮ್ಮನ ಹೆಬ್ಬೆಟ್ಟು ಒತ್ತಿಸಿದೆ. ಇಬ್ಬರು ಹುಡುಗರ ವಿಷಯ ಒಂದೇ ಕಾಗದದಲ್ಲಿದೆ, ಬೇರೆ ಬೇರೆ ಬರೆಯತಕ್ಕದ್ದು ಎಂದು ಅದೂ ಮರಳಿತು. ಮೂರನೆಯದರ ಮೇಲೆ ‘ದಾಖಿಲ್ ದಫ್ತರ್’ ಎಂಬ ಹುಕುಂ ಬಿತ್ತು. ಓದುಗರಲ್ಲಿ ಕಚೇರಿಯ ಸಹವಾಸವಿಲ್ಲದ ಪುಣ್ಯವಂತರಿಗಾಗಿ ಹೇಳುತ್ತೇನೆ: ಇದರ ಅರ್ಥ, ಕಾಗದವನ್ನು ಕಟ್ಟಿಗೆ ಸೇರಿಸಿ ಕಟ್ಟನ್ನು ಕಪಾಟಿಗೆ ಸೇರಿಸಿ ಕಪಾಟನ್ನು ಮರೆಯುವುದು. ಮೂರೂ ಅರ್ಜಿಗಳು ಒಳ್ಳೆಯ ಉರ್ದುವಿನಲ್ಲಿದ್ದವು. ಅಕ್ಷರಗಳು ಮುತ್ತಿನಂತಿದ್ದವು. ಅವುಗಳಲ್ಲಿ ಒಂದು ಸಂಗತಿಯನ್ನು ನಾನು ಮುಚ್ಚಿಟ್ಟಿದ್ದೆ. ಇದರಲ್ಲಿ ಮುಚ್ಚಿಡುವುದಿಲ್ಲ. ಹಾಗೆಂದೇ ಇದನ್ನು ನಮ್ಮ ಓಣಿಯ ತಾಯಂದಿರಿಗೂ ಓದಿ ಹೇಳಬಹುದಾದ ಭಾಷೆಯಲ್ಲಿ ಬರೆಯುತ್ತಿದ್ದೇನೆ.

ಕಮಲಾಪುರದಲ್ಲಿ ಮಾನಿಟರನೆಂದರೆ ಬೆತ್ತ ಹಿಡಿದು ಮಾಸ್ತರರ ಪಕ್ಕ ನಿಲ್ಲುವವನಲ್ಲ. ಹೊತ್ತು ಮೂಡಿದೊಡನೆ ಮನೆ ಮನೆಯ ಬಾಗಿಲಿಗೆ ಹೋಗಿ, ಮಗುವನ್ನು ಹೆಸರು ಹಿಡಿದು ಕರೆದು, ಸಾಲುಗಟ್ಟಿಸಿ ಶಾಲೆಗೆ ತರುವವನು. ಹೆಸರು ಕೂಗಿದ ಮೇಲೆ ಒಳಗಿನಿಂದ ತಾಯಿ ‘ಬಂದಾ’ ಎನ್ನಬೇಕು, ಇಲ್ಲವೆ ‘ಇವತ್ತ ಬರಂಗಿಲ್ಲಪಾ’ ಎನ್ನಬೇಕು. ಅದನ್ನು ಕೇಳದೆ ಮುಂದಿನ ಬಾಗಿಲಿಗೆ ಹೋಗುವಂತಿಲ್ಲ. ಊರವರೇ ನಡೆಸುತ್ತಿದ್ದ ಹಳೆಯ ಗಾವಠಿ ಶಾಲೆಯ ಕಾಲದಿಂದ ನಡೆದುಬಂದ ಪದ್ಧತಿಯಿದು. ಕಳೆದ ಸಾಲು ಶುರುವಾದ ಅಜೂರ್ ತಿಂಗಳ ಮೊದಲ ವಾರ ವಹಾಬ್ ಮಾಸ್ತರರು ಕೆಳಗಿನ ಓಣಿಗೆ ಕಾಶಿರಾಯನನ್ನೂ ಮೇಲಿನ ಓಣಿಗೆ ಮಕ್ಸೂದನನ್ನೂ ನೇಮಿಸಿದರು. ಹಾಜರಿ ಪುಸ್ತಕದಲ್ಲಿ ಮೂವತ್ತೊಂದು ಹೆಸರಿದ್ದವು.

ಅದರ ಮರುವಾರವೇ ಮನಮೋಡಿ ಬೇನೆ ಬಂತು. ಮೂರು ದಿನದ ಜ್ವರ. ನಾಲ್ಕನೆಯ ದಿನ ಎದ್ದವರು ಎದ್ದರು. ಆ ದಿನಗಳಲ್ಲಿ ಊರು ಹೇಗಿತ್ತೆಂದು ನಾನು ವರ್ಣಿಸಲಾರೆ; ಕಲಬುರಗಿಯಲ್ಲೂ ಅದೇ ಆಗಿದ್ದರಿಂದ ತಮಗೂ ಗೊತ್ತಿದೆ. ಇಪ್ಪತ್ತು ದಿನಗಳಲ್ಲಿ ನಮ್ಮ ಶಾಲೆಯ ಒಂಬತ್ತು ಮಕ್ಕಳು ತೀರಿದರು. ಪೊಲೀಸ್ ಪಾಟೀಲರು ತೀರಿದರು. ವಹಾಬ್ ಮಾಸ್ತರರು ಬದುಕಿಕೊಂಡರು, ಆದರೆ ಕಣ್ಣು ಮಂಜಾಯಿತು. ಹೊತ್ತಿಗೆಯನ್ನು ಮೂಗಿಗೆ ತಾಗಿಸಿ ಓದುವಂತಾದರು. ಹೀಗಾಗಿ ಶಾಲೆ ಮತ್ತೆ ತೆರೆದಾಗ ಹಾಜರಿ ಪುಸ್ತಕ ಮಾನಿಟರರ ಕೈಗೆ ಬಂತು.

ಮೊದಲ ತಿಂಗಳು ಹುಡುಗರು ನ್ಯಾಯವಾಗಿಯೇ ಬರೆದರು. ಇಪ್ಪತ್ತೆರಡು ಹಾಜರ್, ಒಂಬತ್ತು ಗೈರುಹಾಜರ್. ಮಾಸ್ತರರು ಒಂಬತ್ತು ಹೆಸರುಗಳನ್ನು ತೆಗೆಯಲು ಹುಕುಂ ಬೇಡಿ ತಮ್ಮ ಕಚೇರಿಗೆ ಬರೆದರು. ಒಂದೊಂದು ಮಗುವಿಗೂ ಪೊಲೀಸ್ ಪಾಟೀಲರ ಸಹಿಯುಳ್ಳ ಮರಣದ ದಾಖಲೆ ಕಳಿಸತಕ್ಕದ್ದು ಎಂದು ಉತ್ತರ ಬಂತು. ಪಾಟೀಲರೇ ಇಲ್ಲವೆಂದು ಮಾಸ್ತರರು ಮತ್ತೆ ಬರೆದರು. ಹಾಗಿದ್ದರೆ ಪಾಟೀಲರ ಮರಣದ ದಾಖಲೆಯನ್ನೂ ಕಳಿಸತಕ್ಕದ್ದು ಎಂದು ಉತ್ತರ ಬಂತು. ಯಾರ ಸಹಿಯಿಂದ ಎಂಬುದನ್ನು ಆ ಉತ್ತರದಲ್ಲಿ ತಿಳಿಸಿರಲಿಲ್ಲ. ಮಾನ್ಯರೇ, ನನ್ನ ಆಯುಷ್ಯವೆಲ್ಲ ಕಾಗದದ ನಡುವೆ ಕಳೆದಿದೆ, ಇಷ್ಟು ಪೂರ್ತಿಯಾಗಿ ಸುತ್ತಿ ಬಂದ ಕಾಗದವನ್ನು ನಾನೂ ಕಂಡಿರಲಿಲ್ಲ.

ಆಮೇಲೆ ಬಂದವು ನೋಟೀಸುಗಳು. ಮೂವತ್ತು ದಿನ ಒಂದೇ ಸಮನೆ ಗೈರುಹಾಜರಾದ ಮಗುವಿನ ಮನೆಗೆ ನೋಟೀಸು ಕಳಿಸುವುದು ಕಾಯಿದೆ. ಅದನ್ನು ಮುಟ್ಟಿಸುವುದು ಮಾನಿಟರನ ಕೆಲಸ. ಕಾಶಿರಾಯನ ಕೈಗೆ ಮೊದಲು ಬಂದದ್ದು ಅಂಬಮ್ಮನ ಮನೆಯದು. ಅಂಬಮ್ಮನ ಮಗ ಗುಂಡಣ್ಣ, ಏಳು ವರ್ಷದವನು, ಬೇನೆಯ ಎಂಟನೆಯ ದಿನ ಹೋಗಿದ್ದ. ಆಕೆಗೂ ಜ್ವರ ಬಂದು ಕಿವಿ ಹೋಗಿತ್ತು. ಆ ಕಾಗದವನ್ನು ಆಕೆ ನನ್ನಲ್ಲಿಗೇ ತಂದಳು.

“ಏನಂತ ಬರದಾರ್ರೀ ಇದ್ರಾಗ?” ಎಂದಳು.

ನಾನು ಇದ್ದದ್ದನ್ನು ಕಿವಿಯ ಹತ್ತಿರ ಬಾಯಿಟ್ಟು ಗಟ್ಟಿಯಾಗಿ ಓದಿದೆ. ನಿಮ್ಮ ಮಗ ಮೂವತ್ತು ದಿನದಿಂದ ಶಾಲೆಗೆ ಬಂದಿಲ್ಲ, ಕಾರಣವನ್ನು ಬರೆದು ತಿಳಿಸತಕ್ಕದ್ದು, ತಪ್ಪಿದಲ್ಲಿ ಕ್ರಮ ಜರುಗಿಸಲಾಗುವುದು.

ಆಕೆ ಕಾಗದವನ್ನು ಮಡಚಿ ಸೆರಗಿಗೆ ಕಟ್ಟಿಕೊಂಡಳು. “ಬರದು ಕಳಸ್ರಿ ಹಂಗಾದ್ರ,” ಎಂದಳು. “ಅವಾ ಸಾಲಿ ತಪ್ಪಸೋ ಹುಡುಗಲ್ಲ ಅಂತ ಬರೀರಿ.”

ಕಾಶಿರಾಯ ಬಾಗಿಲಲ್ಲಿ ನಿಂತು ಇದನ್ನು ಕೇಳಿದ. ಎರಡೂ ಓಣಿಗಳ ಇನ್ನೂ ಎಂಟು ನೋಟೀಸು ಅವನ ಅಂಗಿಯೊಳಗಿದ್ದವು. ಅವನು ಅವನ್ನು ಯಾರಿಗೂ ಮುಟ್ಟಿಸಲಿಲ್ಲ. ಮರುದಿನ ಅಂಬಮ್ಮನ ಮನೆಯನ್ನು ದಾಟಿ ಹೋಗುವಾಗ ಆಕೆಯೇ ಅವನನ್ನು ತಡೆದಳಂತೆ. “ಯಾಕೋ ಕಾಶಿ, ನಮ್ಮ ಮನಿ ಕಾಣಲಿಲ್ಲೇನು? ಎಲ್ಲಾರ ಹೆಸರೂ ಕರೀತಿ. ಅವಂದೂ ಒಂದ್ಸಲ ಕರದು ಹೋಗಪಾ, ನಿಂದೇನು ಹೋಗ್ತದ.” ಅವನು ಕರೆದ. ಆಕೆ ಒಳಗಿನಿಂದ ‘ಇವತ್ತ ಬರಂಗಿಲ್ಲಪಾ’ ಎಂದಳು. ಮೇಲಿನ ಓಣಿಯಲ್ಲಿ ಅಕ್ಬರಿ ಬೇಗಂ ಎಂಬಾಕೆಯೂ ಮಕ್ಸೂದನಿಗೆ ಇದನ್ನೇ ಹೇಳಿದಳು: “ನಮ್ಮ ಬಚ್ಚಾಂದೂ ನಾಮ್ ಕರಿ ಬೇಟಾ, ಅವಂದು ಮಾಫ್ ಆಗ್ಯದೇನು?” ವಾರದೊಳಗೆ ಒಂಬತ್ತು ಬಾಗಿಲುಗಳೂ ಹಾಗೇ ಆದವು. ಹುಡುಗರಿಬ್ಬರೂ ಮಾತಾಡಿಕೊಂಡರು. ಹೆಸರು ತೆಗೆಯಲು ಹುಕುಮಿಲ್ಲ. ಗೈರುಹಾಜರ್ ಬರೆದರೆ ತಾಯಂದಿರ ಮನೆಗೆ ನೋಟೀಸು. ಆ ಪುಸ್ತಕದಲ್ಲಿ ಉಳಿದಿದ್ದ ಗುರುತು ಒಂದೇ. ಅಂದಿನಿಂದ ಒಂಬತ್ತು ಹೆಸರುಗಳ ಮುಂದೆ ‘ಹಾಜರ್’ ಬಿದ್ದಿತು.

ಇದು ಪುಸ್ತಕದ ಲೆಕ್ಕಕ್ಕೆ ತಪ್ಪು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆ ಹುಡುಗರು ಇದನ್ನು ಸಾಹೇಬರಾದ ತಮ್ಮಿಂದ ಮುಚ್ಚಿಡಲಿಲ್ಲ. ಮುಚ್ಚಿಟ್ಟವನು ಬೇರೆ.

ವರ್ಷದ ಕೊನೆಗೆ, ಆಬಾನ್ ತಿಂಗಳಲ್ಲಿ, ತಾವು ತಪಾಸಣೆಗೆ ಬರುವಿರೆಂದು ತಿಳಿದು, ಮಾನಿಟರರಿಬ್ಬರೂ ತಮ್ಮ ವರ್ಷ ಹೇಗೆ ಕಳೆಯಿತೆಂದು ಒಂದು ಕೈಫಿಯತ್ತು ಬರೆದು ಸಾಹೇಬರ ಮುಂದೆ ಓದಬೇಕೆಂದು ಮಾಸ್ತರರು ಹೇಳಿದರು. ಹುಡುಗರು ಎರಡು ದಿನ ಕುಳಿತು ಒಂದು ಹಾಳೆ ಬರೆದರು. ಅದನ್ನು ಚಂದಗೊಳಿಸಿಕೊಡಿರೆಂದು ನನ್ನಲ್ಲಿಗೆ ತಂದರು. ಊರಲ್ಲಿ ನನ್ನಂಥ ಬರಹಗಾರ ಇನ್ನೊಬ್ಬನಿಲ್ಲವೆಂದು ಎಲ್ಲರೂ ಹೇಳುತ್ತಿದ್ದರು, ನಾನೂ ಬೇಡವೆನ್ನುತ್ತಿರಲಿಲ್ಲ. ಆ ಹಾಳೆಯ ಮಾತುಗಳು ಇವು:

“ಮಾನಿಟರ ಅಂದರೆ ಬೆತ್ತದ ಕೆಲಸ ಅಂತ ತಿಳದಿದ್ದೆವು. ಅದು ಹುಂಜನ ಕೆಲಸ. ಹುಂಜ ಒಂದೇ ಕಡಿ ನಿಂತು ಕೂಗತದ, ನಾವು ಮನಿ ಮನಿಗೆ ಹೋಗಿ ಕೂಗಬೇಕು. ಇದು ಮಕ್ಸೂದ್ ಹೇಳಿದ್ದು. ಮೊದಲ ನಮಗ ಭಾಳ ಸೊಕ್ಕಿತ್ತು. ಗುಂಡಣ್ಣ ತಡಾ ಮಾಡಿದ ಅಂತ ನಾ ಅವನ ಕಿವಿ ಹಿಂಡಿದ್ದೆ. ಆ ಮ್ಯಾಲ ಅವ ಸತ್ತ. ಇದು ಕಾಶಿರಾಯ ಹೇಳಿದ್ದು. ಬ್ಯಾನಿ ಆದ ಮ್ಯಾಲ ನಾವು ಯಾರಿಗೂ ಹೊಡದಿಲ್ಲ. ಒಂಬತ್ತು ಮಂದಿ ಹಾಜರಿ ನಾವೇ ಬರದೀವಿ, ಮಾಸ್ತರರಿಗೆ ಕಣ್ಣು ಕಾಣಂಗಿಲ್ಲ, ಅವರಿಗಿ ಬೈಬ್ಯಾಡ್ರಿ. ಅವರ ಅವ್ವಂದಿರಿಗಿ ನೋಟೀಸ್ ಬರಬಾರದು ಅಂತ ಬರದೀವಿ. ಇದು ತಪ್ಪು ಇದ್ದರ ಏನು ಬರೀಬೇಕಿತ್ತು ಅಂತ ಸಾಹೇಬರು ಹೇಳಬೇಕು. ಮುಂದಿನ ವರ್ಷದ ಮಾನಿಟರಗ ನಾವು ಹೇಳೋದು ಏನಂದರ, ಅಂಬಮ್ಮಾಯಿ ಮನಿ ಮುಂದ ಜೋರಾಗಿ ಕರೀರಿ, ಆಕಿಗಿ ಕೇಳಸಂಗಿಲ್ಲ. ಅಕ್ಬರಿ ಬೇಗಂ ಬೆಲ್ಲ ಕೊಡತಾಳ, ಒಲ್ಲೆ ಅನಬ್ಯಾಡ್ರಿ.”

ನಾನು ಇದನ್ನು ಓದಿದೆ. ಓದಿ ಏನು ಮಾಡಿದೆನೆಂಬುದನ್ನು ಈಗ ಬರೆಯಬೇಕಾಗಿದೆ.

ನನಗೆ ಕೆಲಸ ಕಲಿಸಿದ ಮುನಶಿಗಳು ಮೊದಲ ದಿನವೇ ಹೇಳಿಕೊಟ್ಟ ಸೂತ್ರವೊಂದಿತ್ತು. ಮೇಲಕ್ಕೆ ಹೋಗುವ ಕಾಗದದಲ್ಲಿ ತಪ್ಪನ್ನು ಬರೆಯಬಾರದು, ಸಾವನ್ನು ಬರೆಯಬಾರದು, ಪ್ರಶ್ನೆಯನ್ನು ಬರೆಯಬಾರದು. ಮೂವತ್ತನಾಲ್ಕು ವರ್ಷ ನಾನು ಇದನ್ನು ಪಾಲಿಸಿದ್ದೆ. ಹುಡುಗರ ಹಾಳೆಯಲ್ಲಿ ಮೂರೂ ಇದ್ದವು. ಅವರನ್ನು ಕಾಪಾಡುತ್ತಿದ್ದೇನೆಂದು ನಂಬಿ ಅವರ ಮಾತನ್ನೆಲ್ಲ ತೆಗೆದುಹಾಕಿದೆ. ಅದರ ಸ್ಥಳದಲ್ಲಿ ನನ್ನ ಅತ್ಯಂತ ದುಂಡಾದ ಅಕ್ಷರಗಳಲ್ಲಿ ಬರೆದೆ: “ಹುಜೂರರ ಇಕಬಾಲಿನಿಂದಲೂ ಸರ್ಕಾರದ ಕೃಪಾಛತ್ರದಿಂದಲೂ ಕಠಿಣವಾದ ಈ ಸಾಲಿನಲ್ಲಿ ನಮ್ಮ ಶಾಲೆಯ ಒಂದು ಮಗುವೂ ಕಡಮೆಯಾಗದೆ ಹಾಜರಿಯು ಪೂರ್ಣವಾಗಿರುತ್ತದೆ.” ಪುಸ್ತಕದಲ್ಲಿ ಹಾಜರಿ ಪೂರ್ಣವಾಗಿತ್ತಲ್ಲವೇ? ಪುಸ್ತಕಕ್ಕೆ ಹೊಂದುವ ವಾಕ್ಯವನ್ನು ಹೊಂದಿಸಿದೆ. ಮೂಲದ ಹಾಳೆಯನ್ನು ಮಡಚಿ ನನ್ನ ಕಲಮದಾನಿಯ ತಳಕ್ಕೆ ಹಾಸಿಕೊಂಡೆ. ಆ ವಾಕ್ಯದ ಲಯ ನನಗೆ ಬಹಳ ಹಿಡಿಸಿತ್ತು. ಹುಡುಗರು ಅದನ್ನು ಓದಿಕೊಂಡು ಮುಖ ಮುಖ ನೋಡಿಕೊಂಡರು. “ಮುತ್ಯಾ, ಇದು ನಾವು ಹೇಳಿದ್ದಲ್ಲಲ್ಲ,” ಎಂದ ಮಕ್ಸೂದ್. “ಹೇಳೋದು ಬ್ಯಾರೆ, ಬರೆಯೋದು ಬ್ಯಾರೆ. ದೊಡ್ಡವರ ಮುಂದ ಹಿಂಗೇ ಬರೀತಾರ, ಸುಮ್ಮನ ಓದ್ರಿ,” ಎಂದು ನಾನು ಗದರಿಸಿದೆ.

ತಪಾಸಣೆಯ ದಿನ ತಮ್ಮ ನೆನಪಿನಲ್ಲಿರಲಿಕ್ಕಿಲ್ಲ. ತಮಗೆ ಅಂಥ ದಿನಗಳು ಹಲವು. ತಾಯಂದಿರೆಲ್ಲ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ನಾನು ಕಟ್ಟೆಯ ಮೇಲೆ ರುಮಾಲು ಸುತ್ತಿಕೊಂಡು ಕುಳಿತಿದ್ದೆ, ನನ್ನ ಬರಹವನ್ನು ಸಾಹೇಬರ ಎದುರು ಓದುವುದನ್ನು ಕೇಳಲು. ಕಾಶಿರಾಯ ಓದುತ್ತ ಬಂದು ಆ ವಾಕ್ಯದ ಹತ್ತಿರ ನಿಂತ. ತಾವು “ಆಗೇ ಪಢೋ” ಎಂದು ಮುಂದೆ ಓದಲು ಹೇಳಿದಿರಿ. ಅವನು ಒಮ್ಮೆ ಹಿಂತಿರುಗಿ ನೋಡಿ, ಒಂದು ಮಗುವೂ ಕಡಮೆಯಾಗಿಲ್ಲ ಎಂದು ಓದಿದ. ಅಂಬಮ್ಮನಿಗೆ ಕೇಳಿಸಲಿಲ್ಲ. ಏನಂದ ಎಂದು ಪಕ್ಕದಲ್ಲಿದ್ದ ಅಕ್ಬರಿ ಬೇಗಂಳನ್ನು ಕೇಳಿದಳು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಹೊರಗೆ ನಡೆದುಬಿಟ್ಟಳು.

ತಾವು ಮಕ್ಕಳನ್ನು ಎಣಿಸಿದಿರಿ. ಇಪ್ಪತ್ತೆರಡು. ಪುಸ್ತಕ ನೋಡಿದಿರಿ. ಮೂವತ್ತೊಂದು. “ಉಳಿದ ಒಂಬತ್ತು ಮಂದಿ ಎಲ್ಲಿ?” ಎಂದು ಕೇಳಿದಿರಿ. ಉತ್ತರ ಕೊಟ್ಟವನು ಮಕ್ಸೂದ್: “ಎಂಟು ಮಂದಿ ಹಳ್ಳದ ಆಚಿಗಿ ಅದಾರ ಸಾಬ್. ಒಬ್ಬಾವ ಖಬರಸ್ತಾನದಾಗ ಅದಾನ.” ಇದ್ದದ್ದನ್ನು ಇದ್ದಲ್ಲಿ ತೋರಿಸಿದ ಈ ಮಾತಿಗೆ ತಾವು ‘ಗುಸ್ತಾಖಿ’ ಎಂಬ ಹೆಸರಿಟ್ಟಿರಿ. ಹೌದು, ಉದ್ಧಟತನವೇ. ಅಂದು ಆ ಕೋಣೆಯಲ್ಲಿ ನಿಜ ಹೇಳಿದವನು ಅವನೊಬ್ಬನೇ ಆದ್ದರಿಂದ ತಮ್ಮ ಕಿವಿಗೆ ಹಾಗೆ ಕೇಳಿಸಿರಬೇಕು. ವಹಾಬ್ ಮಾಸ್ತರರು ವಿವರಿಸಲು ಎದ್ದರು. ತಾವು ಕೈಯೆತ್ತಿ ಕೂರಿಸಿದಿರಿ. ತಿಂಗಳೊಳಗೆ ಅವರನ್ನು ಬೇರೆ ತಾಲೂಕಿಗೆ ಕಳಿಸಿದಿರಿ. ಈ ಬರವಣಿಗೆ ಯಾರದು ಎಂದು ತಾವು ಕೇಳಿದಾಗ ಕಾಶಿರಾಯ, “ನಮ್ದೇ ಸಾಬ್” ಎಂದ. ಅದರ ಮೇಲೆ ತಾವು ಕೆಂಪು ಮಸಿ ತರಿಸಿದಿರಿ. ನಾನು ಹತ್ತು ಮೊಳದ ದೂರದಲ್ಲಿದ್ದೆ. ಎದ್ದು ನಿಲ್ಲಲಿಲ್ಲ.

ಈಗ ನನ್ನ ಪ್ರಶ್ನೆಗಳು. ಒಂಬತ್ತು ಮಕ್ಕಳನ್ನು ಸತ್ತವರೆಂದು ಒಪ್ಪದೆ ಪುಸ್ತಕದಲ್ಲಿ ಉಳಿಸಿದ ಕಚೇರಿ ಯಾವುದು? ಅದೇ ಕಚೇರಿ, ಅವರನ್ನು ಬದುಕಿದ್ದಾರೆಂದು ಬರೆದ ಹುಡುಗರನ್ನು ಅಪರಾಧಿಗಳೆಂದು ಯಾವ ಕಾಯಿದೆಯಿಂದ ಕರೆಯಿತು? ಸತ್ತ ಮಗುವಿಗೆ ಶಾಲೆಗೆ ಬಾರದ ಕಾರಣ ಕೇಳಿ ಮೊಹರು ಒತ್ತಿ ಕಳಿಸಿದ ಕಾಗದ ಖೋಟಾ ಅಲ್ಲವೇ? ನಾನು ಬರೆದ ವಾಕ್ಯವನ್ನು ಹನ್ನೊಂದು ವರ್ಷದ ಮಗು ಬರೆಯಬಲ್ಲುದೇ ಎಂಬ ಅನುಮಾನ ಇಷ್ಟು ವರ್ಷ ಶಾಲೆಗಳನ್ನು ನೋಡಿದ ತಮಗೆ ಬರಲಿಲ್ಲವೇ? ‘ಇಕಬಾಲು’, ‘ಕೃಪಾಛತ್ರ’ ಎಂಬ ಶಬ್ದಗಳನ್ನು ಯಾವ ಓಣಿಯ ಹುಡುಗರು ಆಡುತ್ತಾರೆ? ಅಥವಾ ಅಂಥ ಭಾಷೆಯನ್ನೇ ದಿನವೂ ಓದಿ ಓದಿ, ಮಕ್ಕಳು ಹಾಗೆ ಬರೆಯುವುದೂ ಸಹಜವೆಂದು ತಮಗೆ ತೋರಿತೇ? ಹಾಗಿದ್ದಲ್ಲಿ ಆ ಅಪರಾಧದಲ್ಲೂ ನನ್ನ ಪಾಲಿದೆ. ತಮ್ಮ ಮೇಜಿಗೆ ಅಂಥ ಕಾಗದಗಳನ್ನು ಸಾವಿರಗಟ್ಟಲೆ ಕಳಿಸಿದವರಲ್ಲಿ ನಾನೂ ಒಬ್ಬ.

ಕಲಬುರಗಿಯಿಂದ ಬರಿಗೈಯಲ್ಲಿ ಮರಳಿದ ದಿನ ಮಹಾದೇವಮ್ಮ ಮಗನೊಂದಿಗೆ ನೇರವಾಗಿ ನನ್ನ ಮನೆಗೆ ಬಂದಳು. ಬೈಯುತ್ತಾಳೆಂದು ನಾನು ಕಾದೆ. ಆಕೆ ಬೈಯಲಿಲ್ಲ. “ನೀವು ಕಲ್ತವ್ರು. ಇನ್ನೊಂದು ಅರ್ಜಿ ಬರದು ಕೊಡ್ರಿ, ಕಾಕಾ. ಛಲೋ ಬರೀತೀರಿ ನೀವು,” ಎಂದಳು. ಕಾಶಿರಾಯ ಹೊಸ್ತಿಲ ಮೇಲೆ ಕುಳಿತಿದ್ದ. ಅವನ ಮುಖ ನೋಡದೆಯೇ, ಓದು ಬಿಟ್ಟೀಯೇನೋ ಎಂದು ಕೇಳಿದೆ. “ಸಾಲಿಯವ್ರು ಬ್ಯಾಡ ಅಂದ್ರ ಏನ್ ಮಾಡ್ಲಿ, ಮುತ್ಯಾ,” ಎಂದ. ಆಮೇಲೆ, “ನೀವು ಬರದದ್ದು ಭಾಳ ಚಂದಿತ್ರಿ. ಆದ್ರ ಗುಂಡಣ್ಣನ ಕಿವಿ ಹಿಂಡಿದ್ದು ಹೇಳಬೇಕಂತ ನನಗ ಭಾಳ ಇತ್ತು. ಅದೊಂದು ಇಡಬೇಕಿತ್ತು ನೀವು,” ಎಂದ.

ಆ ಹುಡುಗ ತನ್ನ ವರ್ಷದ ಲೆಕ್ಕ ಒಪ್ಪಿಸಲು ಸಾಹೇಬರೊಬ್ಬರು ಬರುತ್ತಾರೆಂದು ಹನ್ನೆರಡು ತಿಂಗಳು ಕಾದಿದ್ದ. ಸತ್ತ ಗೆಳೆಯನಿಗೆ ಮಾಡಿದ ಒಂದು ಸಣ್ಣ ನೋವನ್ನು ಯಾರಾದರೂ ದೊಡ್ಡವರ ಮುಂದೆ ಹೇಳಿ ಹಗುರಾಗಬೇಕೆಂದಿದ್ದ. ಅವನ ಬಾಯಿಗೆ ನಾನು ರೇಷ್ಮೆಯ ಬಟ್ಟೆ ತುರುಕಿದೆ. ತಾವು ಅದರ ಮೇಲೆ ಮೊಹರು ಒತ್ತಿದಿರಿ. ಈ ಸಾಲಿಗೆ ನಮ್ಮ ಶಾಲೆಯಲ್ಲಿ ಮಾನಿಟರರೇ ಇಲ್ಲ. ಹೊಸ ಮಾಸ್ತರರು ಕೇಳಿದರೆ ಯಾವ ತಾಯಿಯೂ ಮಗನನ್ನು ಕೊಡಲೊಲ್ಲಳು. ಬೆಳಗ್ಗೆ ಯಾರೂ ಹೆಸರು ಕರೆಯುವುದಿಲ್ಲ. ಮಕ್ಕಳು ತಾವಾಗಿ ಬಂದರೆ ಬಂದರು. ಅಂಬಮ್ಮ ಕಟ್ಟೆಗೆ ಬಂದು ಸ್ವಲ್ಪ ಹೊತ್ತು ಕುಳಿತು ಒಳಗೆ ಹೋಗುತ್ತಾಳೆ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಕಾಶಿರಾಯ, ಮಕ್ಸೂದ್ ಇಬ್ಬರ ದಾಖಲೆಯಿಂದಲೂ ‘ಜಾಲಸಾಜಿ’ ಎಂಬುದನ್ನು ಹೊಡೆದುಹಾಕಿ, ಅದೇ ಕೆಂಪು ಮಸಿಯಲ್ಲಿ ನನ್ನ ಹೆಸರಿನ ಮುಂದೆ ಬರೆಯಿರಿ. ಅದಕ್ಕೆ ಬೇಕಾದ ತಪ್ಪೊಪ್ಪಿಗೆ ಈ ಪತ್ರವೇ. ಒಂಬತ್ತು ಹೆಸರುಗಳನ್ನು ತೆಗೆಯುವ ಹುಕುಂ ಕಳಿಸಿ. ಅದನ್ನು ಮನೆಗಳಿಗೆ ಮುಟ್ಟಿಸಲು ಮಗುವಿನ ಕೈಗೆ ಕೊಡಬೇಡಿ. ಮಾಧ್ಯಮಿಕ ಶಾಲೆಯ ಭರ್ತಿ ಬರುವ ಇಸ್ಫಂದಾರ್ ತಿಂಗಳ ಕೊನೆಗೆ ಮುಗಿಯುತ್ತದೆ. ಅದಕ್ಕೆ ಮುಂಚೆ, ಇಸ್ಫಂದಾರ್ ಹತ್ತರಂದು ನಾನು ಕಾಶಿರಾಯನನ್ನೂ, ಗಿರಣಿಯವರು ಅರ್ಧ ದಿನ ಬಿಟ್ಟರೆ ಮಕ್ಸೂದನನ್ನೂ, ತಮ್ಮ ಕಚೇರಿಗೆ ಕರೆತರುತ್ತೇನೆ. ನಾನು ಬಾಗಿಲ ಹೊರಗೆ ನಿಲ್ಲುತ್ತೇನೆ. ಬರೆದುಕೊಂಡು ಬರಬೇಡಿರೆಂದು ಹುಡುಗರಿಗೆ ಹೇಳಿದ್ದೇನೆ. ಅವರು ತಮ್ಮ ವರ್ಷದ ಮಾತನ್ನು ತಮ್ಮ ಬಾಯಿಂದಲೇ ಹೇಳುತ್ತಾರೆ; ನಡುನಡುವೆ ತಡವರಿಸಬಹುದು. ಅವರು ಮುಗಿಸುವ ತನಕ ತಾವು ಕೇಳಬೇಕು.

ಇಂತಿ, ಅನ್ಯರ ಮಾತನ್ನು ತಿದ್ದಿ ತಿದ್ದಿ ಹೆಸರುವಾಸಿಯಾಗಿ, ಕೊನೆಗೆ ಇಬ್ಬರು ಮಕ್ಕಳ ಹೆಸರು ಕೆಡಿಸಿದ,
ಅಣವೀರಪ್ಪ, ನಕಲು ಬರಹಗಾರ
ಕಮಲಾಪುರ, ಬಹಮನ್ ೨೧, ಫಸಲಿ ೧೩೨೯

ಅಡಕ: ಮಾನಿಟರರ ಸ್ವಹಸ್ತದ ಹಾಳೆ, ಒಂದು. ಎರಡು ಕಡೆ ಮಸಿ ಚೆಲ್ಲಿದೆ. ನಾನು ತಿದ್ದಿಲ್ಲ.